ಗಿರಾಕಿ ಎರಡನೇ ಸಲ ಬರಬೇಕು: ರಗ್ಬಿ ಕಲಿಸುವ ಮಾರುಕಟ್ಟೆ ಪಾಠ



ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ಮಾರುಕಟ್ಟೆಯ ಅಧ್ಯಾಯ ಮುಗಿದಾಗ ನಮ್ಮ ಉಪನ್ಯಾಸಕರು ಒಂದು ಕೆಲಸ ಕೊಟ್ಟರು. ಯಾವುದಾದರೂ ಒಂದು ವಸ್ತುವನ್ನೋ ಸೇವೆಯನ್ನೋ ಆರಿಸಿಕೊಂಡು, ಅದು ಏಕೆ ಮಾರಾಟವಾಗುತ್ತಿದೆ ಅಥವಾ ಏಕೆ ಆಗುತ್ತಿಲ್ಲ ಎಂದು ಬರೆಯಬೇಕು. ಗೆಳತಿಯರು ಸಾಬೂನು, ಬಿಸ್ಕತ್ತು, ಮೊಬೈಲ್ ಆರಿಸಿಕೊಂಡರು. ನಾನು ರಗ್ಬಿ ಆಟವನ್ನು ಆರಿಸಿಕೊಂಡೆ. ತರಗತಿಯಲ್ಲಿ ನಗು ಬಂತು. ಒಬ್ಬಳು, "ಅದು ಅಮೆರಿಕದವರು ಹೆಲ್ಮೆಟ್ ಹಾಕಿಕೊಂಡು ಆಡುವುದಲ್ಲವೇ?" ಎಂದು ಕೇಳಿದಳು. ಅಲ್ಲ. ಆದರೆ ಅವಳ ಪ್ರಶ್ನೆಯೇ ನನ್ನ ಪಾಠದ ಮೊದಲ ಸಾಲಾಯಿತು. ಗಿರಾಕಿಗೆ ವಸ್ತುವಿನ ಪರಿಚಯವೇ ಇಲ್ಲದಿದ್ದರೆ ಮಾರುವವರು ಎಲ್ಲಿಂದ ಶುರು ಮಾಡಬೇಕು?

ನಾನು ಈ ವಿಷಯ ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಇದೆ. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಆಟವನ್ನು ತಿಳಿಯೋಣ.

ಆಟ ಏನು?

ರಗ್ಬಿ ಚೆಂಡು ಮೊಟ್ಟೆಯ ಆಕಾರದಲ್ಲಿರುತ್ತದೆ. ಅದನ್ನು ಕೈಯಲ್ಲಿ ಹಿಡಿದು ಓಡಬಹುದು, ಒದೆಯಬಹುದು. ಆದರೆ ಕೈಯಿಂದ ಜೊತೆಗಾರರಿಗೆ ಎಸೆಯುವಾಗ ಪಕ್ಕಕ್ಕೆ ಅಥವಾ ಹಿಂದಕ್ಕೆ ಮಾತ್ರ ಎಸೆಯಬೇಕು, ಮುಂದಕ್ಕೆ ಎಸೆಯುವಂತಿಲ್ಲ. ಎದುರಾಳಿಯ ಕೊನೆಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದು 'ಟ್ರೈ', 5 ಅಂಕ. ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೂ 2 ಅಂಕ. ಚೆಂಡು ಹಿಡಿದವರನ್ನು ಎದುರಾಳಿಗಳು ಹಿಡಿದು ಕೆಡವುತ್ತಾರೆ. ಕಬಡ್ಡಿ ನೋಡಿದವರಿಗೆ ಈ ಹಿಡಿತ ಹೊಸದೇನಲ್ಲ.

ಇದರಲ್ಲಿ ಮೂರು ಬಗೆ ನೆನಪಿಡಿ. 15 ಜನರ ತಂಡದ 80 ನಿಮಿಷದ ಹಳೆಯ ಆಟ. 7 ಜನರ ತಂಡದ 14 ನಿಮಿಷದ 'ಸೆವೆನ್ಸ್'. ಒಲಿಂಪಿಕ್ಸ್‌ನಲ್ಲಿ ಈಗ ಇರುವುದು ಇದೇ. ಮೂರನೆಯದು 'ಟ್ಯಾಗ್ ರಗ್ಬಿ'. ಇದರಲ್ಲಿ ಯಾರೂ ಯಾರನ್ನೂ ಕೆಡವುವುದಿಲ್ಲ. ಸೊಂಟದ ಪಟ್ಟಿಗೆ ಎರಡು ರಿಬ್ಬನ್ ಅಂಟಿಸಿರುತ್ತಾರೆ, ಅದನ್ನು ಕಿತ್ತುಕೊಂಡರೆ ಹಿಡಿದಂತೆ. ಶಾಲೆಯ ಮಕ್ಕಳಿಗೆ ಆಟ ಕಲಿಸುವುದು ಸಾಮಾನ್ಯವಾಗಿ ಹೀಗೆಯೇ.

ಕಲ್ಕತ್ತಾದಲ್ಲಿ ಮುಚ್ಚಿದ ಲೆಕ್ಕ

ರಗ್ಬಿ ಭಾರತಕ್ಕೆ ಹೊಸತು ಎಂದುಕೊಂಡಿದ್ದೆ. ಅದು ತಪ್ಪು. 1872ರ ಕ್ರಿಸ್ಮಸ್ ದಿನ ಕಲ್ಕತ್ತಾದಲ್ಲಿ ಬ್ರಿಟಿಷರು ರಗ್ಬಿ ಪಂದ್ಯ ಆಡಿದರು. ಮರುವರ್ಷ ಕಲ್ಕತ್ತಾ ಫುಟ್‌ಬಾಲ್ ಕ್ಲಬ್ ಹುಟ್ಟಿತು. ಆದರೆ ಕೆಲವೇ ವರ್ಷಗಳಲ್ಲಿ ಆಡುವವರು ಕಡಿಮೆಯಾದರು. ಆಟಗಾರರಿದ್ದ ಸೇನಾ ಪಡೆ ಊರು ಬಿಟ್ಟಿತು, ಬಿಸಿಲಿಗೆ ಆಟ ಒಗ್ಗಲಿಲ್ಲ, ಉಳಿದವರು ಪೋಲೊ, ಟೆನಿಸ್ ಕಡೆ ಹೋದರು. ಕ್ಲಬ್ಬಿನವರು ಬ್ಯಾಂಕಿನಲ್ಲಿದ್ದ ಹಣವನ್ನು ಬೆಳ್ಳಿ ರೂಪಾಯಿಗಳಾಗಿ ತೆಗೆದು, ಕರಗಿಸಿ, 1878ರಲ್ಲಿ ಒಂದು ಕಪ್ ಮಾಡಿಸಿ ಇಂಗ್ಲೆಂಡಿನ ರಗ್ಬಿ ಸಂಸ್ಥೆಗೆ ಕೊಟ್ಟರು. ಅದರ ಹಿಡಿಗಳು ನಾಗರಹಾವಿನ ಆಕಾರದಲ್ಲಿವೆ, ಮುಚ್ಚಳದ ಮೇಲೆ ಆನೆ ಇದೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ತಂಡಗಳು 1879ರಿಂದ ಇಂದಿನವರೆಗೂ ಅದೇ 'ಕಲ್ಕತ್ತಾ ಕಪ್'ಗಾಗಿ ಆಡುತ್ತಿವೆ.

ಲೆಕ್ಕಶಾಸ್ತ್ರದ ತರಗತಿಯಲ್ಲಿ ನಾವು ಪಾಲುದಾರಿಕೆ ಸಂಸ್ಥೆಯ ವಿಸರ್ಜನೆ ಓದುತ್ತೇವೆ. ಆಸ್ತಿ ಮಾರುತ್ತೇವೆ, ಸಾಲ ತೀರಿಸುತ್ತೇವೆ, ಉಳಿದದ್ದನ್ನು ಹಂಚುತ್ತೇವೆ. ಇವರು ಉಳಿದದ್ದನ್ನು ಕರಗಿಸಿ ಕಪ್ ಮಾಡಿದರು. ಕಪ್ ಇನ್ನೂ ಇದೆ, ಆದರೆ ಆಟ ಆ ಊರಿನವರ ಆಟವಾಗಿ ಬೇರು ಬಿಡಲಿಲ್ಲ. ಕಾರಣ ಸ್ಪಷ್ಟ. ಗಿರಾಕಿಗಳೆಲ್ಲ ಒಂದೇ ಗುಂಪಿನವರು. ಆ ಗುಂಪು ಹೊರಟಾಗ ಅಂಗಡಿಯೂ ಮುಚ್ಚಿತು.

ಅಮೆರಿಕದ ಪಾಠ: ತುಂಬಿದ ಮೈದಾನ, ಬರಿದಾದ ಖಜಾನೆ

ಈಗ ಅಮೆರಿಕಕ್ಕೆ ಬರೋಣ. ಒಲಿಂಪಿಕ್ಸ್‌ನಲ್ಲಿ ರಗ್ಬಿಯ ಚಿನ್ನವನ್ನು 1920ರಲ್ಲಿ ಗೆದ್ದವರು ಅಮೆರಿಕದವರು ಎಂದರೆ ನಂಬುತ್ತೀರಾ? 1924ರಲ್ಲಿ ಪ್ಯಾರಿಸ್‌ನಲ್ಲಿ ಆತಿಥೇಯ ಫ್ರಾನ್ಸ್ ತಂಡವನ್ನೇ 17–3ರಿಂದ ಸೋಲಿಸಿ ಮತ್ತೆ ಚಿನ್ನ ಗೆದ್ದರು. ಆಟಗಾರರಲ್ಲಿ ಹೆಚ್ಚಿನವರು ಕ್ಯಾಲಿಫೋರ್ನಿಯಾದವರು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಗಾಯ, ಸಾವು ಹೆಚ್ಚಾದಾಗ, 1906ರಲ್ಲಿ ಅಲ್ಲಿನ ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳು ಆ ಆಟ ಬಿಟ್ಟು ರಗ್ಬಿ ಹಿಡಿದಿದ್ದವು. ಅದರ ಫಲವೇ ಈ ಎರಡು ಚಿನ್ನ.

ಆಮೇಲೆ ಏನಾಯಿತು? ವಿಶ್ವವಿದ್ಯಾಲಯಗಳು ಅಷ್ಟರಲ್ಲಾಗಲೇ ಮತ್ತೆ ಅಮೆರಿಕನ್ ಫುಟ್‌ಬಾಲ್‌ಗೆ ಮರಳಿದ್ದವು. 1924ರ ನಂತರ ರಗ್ಬಿ ಒಲಿಂಪಿಕ್ಸ್‌ನಿಂದಲೂ ಹೊರಬಿತ್ತು. ಮರಳಿ ಬಂದದ್ದು 92 ವರ್ಷಗಳ ಮೇಲೆ, 2016ರ ರಿಯೊದಲ್ಲಿ. ಎರಡು ಚಿನ್ನ ಗೆದ್ದ ದೇಶದಲ್ಲಿ ಆಟ ಮರೆತುಹೋಯಿತು, ಏಕೆಂದರೆ ಹುಡುಗರು ದಿನವೂ ಆಡುವ ಕಾಲೇಜು ಮೈದಾನದಿಂದಲೇ ಅದು ಹೊರಗೆ ಹೋಗಿತ್ತು.

ಈಗ ಅಲ್ಲಿ ಮತ್ತೆ ಪ್ರಯತ್ನ ನಡೆಯುತ್ತಿದೆ. 2018ರಲ್ಲಿ 7 ತಂಡಗಳೊಂದಿಗೆ 'ಮೇಜರ್ ಲೀಗ್ ರಗ್ಬಿ' ಶುರುವಾಯಿತು. ತಂಡಗಳ ಸಂಖ್ಯೆ ಬೆಳೆಯಿತು, ಆಮೇಲೆ ಕೆಲವು ತಂಡಗಳು ಮುಚ್ಚಿದವು. ಅದೇ 2018ರ ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೆವೆನ್ಸ್ ವಿಶ್ವಕಪ್ ನಡೆಯಿತು. ಮೂರು ದಿನಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪ್ರೇಕ್ಷಕರು ಬಂದರು. ಇಷ್ಟು ಜನ ಬಂದ ಮೇಲೆ ಆಟ ಗೆದ್ದಿತು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಎರಡು ವರ್ಷ ತುಂಬುವ ಮೊದಲೇ, 2020ರ ಮಾರ್ಚ್‌ನಲ್ಲಿ, ಅಮೆರಿಕದ ರಗ್ಬಿ ಸಂಸ್ಥೆ ದಿವಾಳಿ ಅರ್ಜಿ ಹಾಕಿತು. ಹಣದ ತೊಂದರೆ ಮೊದಲೇ ಇತ್ತು, ಕೊರೊನಾದಿಂದ ಪಂದ್ಯಗಳು ನಿಂತಾಗ ತಡೆಯಲಾಗಲಿಲ್ಲ. ಸಂಸ್ಥೆ ಮುಚ್ಚಲಿಲ್ಲ, ಪುನರ್ರಚನೆಯಾಗಿ ಮುಂದುವರಿಯಿತು.

ನನ್ನ ಅಬ್ಬಾ ತಿಲಕ್‌ನಗರದಲ್ಲಿ ದ್ವಿಚಕ್ರ ವಾಹನಗಳ ಸೀಟ್ ಕವರ್ ಹೊಲಿಯುವ ಸಣ್ಣ ಅಂಗಡಿ ಇಟ್ಟಿದ್ದಾರೆ. ಈ ಲಕ್ಷ ಪ್ರೇಕ್ಷಕರ ಕಥೆಯನ್ನು ಅವರಿಗೆ ಹೇಳಿದೆ. ಅವರು ಹೊಲಿಗೆ ನಿಲ್ಲಿಸದೆ ಉರ್ದುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: "ಗಿರಾಕಿ ಒಂದು ಸಲ ಬಂದರೆ ಅದು ಅವನ ಕುತೂಹಲ. ಎರಡನೇ ಸಲ ಬಂದರೆ ಅದು ನಮ್ಮ ವ್ಯಾಪಾರ." ಪಠ್ಯಪುಸ್ತಕದಲ್ಲಿ ಇಷ್ಟು ಸುಲಭವಾಗಿ ಬರೆದಿಲ್ಲ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಮಹಿಳಾ ಸೆವೆನ್ಸ್ ತಂಡ ಕೊನೆಯ ಕ್ಷಣದ ಓಟದಿಂದ ಆಸ್ಟ್ರೇಲಿಯಾವನ್ನು 14–12ರಿಂದ ಸೋಲಿಸಿ ಕಂಚು ಗೆದ್ದಿತು. ಆ ತಂಡದ ಇಲೋನಾ ಮಾಹೆರ್ ತಮ್ಮ ಚಿಕ್ಕ ಚಿಕ್ಕ ವಿಡಿಯೊಗಳಿಂದ, ರಗ್ಬಿ ಎಂದರೇನೆಂದು ಗೊತ್ತಿಲ್ಲದ ಲಕ್ಷಾಂತರ ಹುಡುಗಿಯರಿಗೆ ಪರಿಚಿತರಾದರು. ಕಂಚಿನ ಬೆನ್ನಿಗೇ ಉದ್ಯಮಿ ಮಿಶೆಲ್ ಕಾಂಗ್ ಆ ತಂಡಕ್ಕೆ 40 ಲಕ್ಷ ಡಾಲರ್ ನೆರವು ಘೋಷಿಸಿದರು. ಪುರುಷರ ವಿಶ್ವಕಪ್ 2031ರಲ್ಲಿ, ಮಹಿಳೆಯರದು 2033ರಲ್ಲಿ ಅಮೆರಿಕದಲ್ಲೇ ನಡೆಯಲಿದೆ. ಮತ್ತೆ ಲಕ್ಷ ಜನ ಬರುತ್ತಾರೆ. ಅವರು 2034ರಲ್ಲೂ ಬರುತ್ತಾರೆಯೇ ಎಂಬುದೇ ಅವರ ಮುಂದಿನ ಪ್ರಶ್ನೆ.

ನಮ್ಮ ಕಬಡ್ಡಿ ಹೇಗೆ ಗೆದ್ದಿತು?

ಈ ಪ್ರಶ್ನೆಗೆ ಉತ್ತರ ನಮ್ಮಲ್ಲೇ ಇದೆ. 2014ರ ಜುಲೈ 26ರಂದು ಪ್ರೊ ಕಬಡ್ಡಿ ಲೀಗ್ ಶುರುವಾಯಿತು. ಮೊದಲ ಋತುವನ್ನು ಟಿವಿಯಲ್ಲಿ 43.5 ಕೋಟಿ ಜನ ನೋಡಿದರು ಎಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಮಣ್ಣಿನ ಆಟ ಮ್ಯಾಟ್ ಮೇಲೆ ಬಂತು. ಒಂದು ರೈಡಿಗೆ 30 ಸೆಕೆಂಡು, ಎರಡು ಖಾಲಿ ರೈಡ್ ಆದ ಮೇಲೆ ಮೂರನೆಯದು 'ಮಾಡು ಇಲ್ಲವೇ ಮಡಿ'. ಹೀಗೆ ಪ್ರತಿ ನಿಮಿಷವೂ ನೋಡುವವರಿಗೆ ಏನಾದರೂ ಸಿಗುವಂತೆ ಮಾಡಿದರು. ಕನ್ನಡದಲ್ಲೇ ವೀಕ್ಷಕ ವಿವರಣೆ ಬಂತು. ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ 'ಫುಲ್ ಚಾರ್ಜ್ ಮಾಡಿ' ಎಂಬ ಕೂಗು ಎದ್ದಿತು. 2019ರ ಜನವರಿ 5ರಂದು ಬೆಂಗಳೂರು ಬುಲ್ಸ್ ಗುಜರಾತ್ ತಂಡವನ್ನು 38–33ರಿಂದ ಸೋಲಿಸಿ ಪ್ರಶಸ್ತಿ ಗೆದ್ದಾಗ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದಿದ್ದರು. ನಮ್ಮ ಓಣಿಯಲ್ಲಿ ಆ ರಾತ್ರಿ ಹುಡುಗರು ತೊಡೆ ತಟ್ಟಿಕೊಂಡು ಓಡಾಡಿದ್ದು ನನಗೆ ಇನ್ನೂ ನೆನಪಿದೆ. ಅರ್ಜುನ ಪ್ರಶಸ್ತಿ ಪಡೆದ ನಮ್ಮ ರಾಜ್ಯದ ಬಿ.ಸಿ. ರಮೇಶ್ ಮುಂದೆ ಬಂಗಾಳ ಮತ್ತು ಪುಣೆ ತಂಡಗಳಿಗೆ ತರಬೇತಿ ಕೊಟ್ಟು ಪ್ರಶಸ್ತಿ ಗೆಲ್ಲಿಸಿದರು.

ಆದರೆ ಟಿವಿ ಒಂದರಿಂದಲೇ ಇದು ಆಯಿತೇ? ನನ್ನ ದಾದಿಯನ್ನು ನೋಡಿ ಉತ್ತರ ಸಿಕ್ಕಿತು. ದಾದಿಗೆ ಕ್ರಿಕೆಟ್‌ನ ಎಲ್‌ಬಿಡಬ್ಲ್ಯು ಇವತ್ತಿಗೂ ಅರ್ಥವಾಗಿಲ್ಲ. ಕಬಡ್ಡಿ ಹಾಕಿದರೆ ಮಾತ್ರ ತಸ್ಬೀಹ್ ಕೈಯಲ್ಲಿ ಹಿಡಿದೇ, "ಕಾಲು ಹಿಡಿಯೋ, ಕಾಲು!" ಎನ್ನುತ್ತಾರೆ. ಅವರು ಚಿಕ್ಕವರಿದ್ದಾಗ ಊರಲ್ಲಿ ಅಣ್ಣಂದಿರು ಆಡುವುದನ್ನು ಕಂಡವರು. ಕಬಡ್ಡಿಗೆ ಗಿರಾಕಿಗಳು ಮೊದಲೇ ಇದ್ದರು, ಅಂಗಡಿ ಇರಲಿಲ್ಲ. 2014ರಲ್ಲಿ ಅಂಗಡಿ ತೆರೆದರು. ರಗ್ಬಿಯ ಸ್ಥಿತಿ ಇದರ ತಿರುಗು.

ಬೆಂಗಳೂರಿನ ತಂಡ, ಮುಂಬೈನ ಮೈದಾನ

2025ರ ಜೂನ್ 15ರಿಂದ 29ರವರೆಗೆ ಭಾರತದಲ್ಲಿ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ನಡೆಯಿತು. ಆರು ತಂಡಗಳು, 34 ಪಂದ್ಯಗಳು. ನಮ್ಮ ಊರಿನ ಹೆಸರಿನ ತಂಡವೂ ಇತ್ತು: ಬೆಂಗಳೂರು ಬ್ರೇವ್‌ಹಾರ್ಟ್ಸ್. ಪ್ರತಿ ತಂಡದಲ್ಲಿ 13 ಆಟಗಾರರು, ಅವರಲ್ಲಿ ಐವರು ಭಾರತೀಯರು. 14 ನಿಮಿಷದ ಆಟವನ್ನು 16 ನಿಮಿಷ ಮಾಡಿ, ತಲಾ 4 ನಿಮಿಷದ ನಾಲ್ಕು ಭಾಗಗಳಾಗಿ ಒಡೆದರು. ನಡುವೆ ಬಿಡುವು ಹೆಚ್ಚಿದಷ್ಟೂ ಜಾಹೀರಾತಿಗೆ ಜಾಗ ಹೆಚ್ಚು ಎಂಬುದನ್ನು ವಾಣಿಜ್ಯ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಿಲ್ಲ. ಚೆನ್ನೈ ಬುಲ್ಸ್ ಪ್ರಶಸ್ತಿ ಗೆದ್ದಿತು.

ಈ ಲೀಗನ್ನು ನಮ್ಮ ಅಧ್ಯಾಯದ 'ಮಾರುಕಟ್ಟೆ ಮಿಶ್ರಣ'ದ ನಾಲ್ಕು ಅಂಶಗಳಲ್ಲಿ ಇಟ್ಟು ನೋಡೋಣ.

ಉತ್ಪನ್ನ: ಚೆನ್ನಾಗಿದೆ. ಒಂದು ಪಂದ್ಯ ಕಾಲು ಗಂಟೆಯಲ್ಲಿ ಮುಗಿಯುತ್ತದೆ. ವೇಗವಿದೆ. ಜಗತ್ತಿನ ದೊಡ್ಡ ಆಟಗಾರರು ಬಂದಿದ್ದರು.

ಬೆಲೆ: ಆಟದ ಆದಾಯ ಟಿಕೆಟ್‌ನಿಂದ ಮಾತ್ರ ಬರುವುದಿಲ್ಲ. ಪ್ರಸಾರ ಹಕ್ಕು, ಪ್ರಾಯೋಜಕರು, ಅಂಗಿ ಟೋಪಿಗಳ ಮಾರಾಟ ಇವೆಲ್ಲ ಸೇರಿ ಲೆಕ್ಕ ತುಂಬುತ್ತದೆ. ಪ್ರಾಯೋಜಕರ ಹಣಕ್ಕೂ ಒಂದು ಬೆಲೆ ಇರುತ್ತದೆ. ನ್ಯೂಜಿಲೆಂಡಿಗಾಗಿ 2011 ಮತ್ತು 2015ರ ವಿಶ್ವಕಪ್ ಗೆದ್ದ ಸನ್ನಿ ಬಿಲ್ ವಿಲಿಯಮ್ಸ್ ಇಸ್ಲಾಂ ಸ್ವೀಕರಿಸಿದವರು. 2017ರಲ್ಲಿ ಅವರು ತಮ್ಮ ಅಂಗಿಯ ಕಾಲರ್ ಮೇಲಿದ್ದ ಬ್ಯಾಂಕಿನ ಗುರುತಿಗೆ ಟೇಪ್ ಅಂಟಿಸಿಕೊಂಡು ಆಡಿದರು. ಬಡ್ಡಿಯ ವ್ಯವಹಾರದ ಜಾಹೀರಾತನ್ನು ಧರಿಸಲು ಅವರ ಮನಸ್ಸು ಒಪ್ಪಲಿಲ್ಲ. ಆಮೇಲೆ ಬ್ಯಾಂಕ್, ಮದ್ಯ, ಜೂಜಿನ ಗುರುತುಗಳಿಂದ ಅವರಿಗೆ ವಿನಾಯಿತಿ ಸಿಕ್ಕಿತು. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಆಟಗಾರರ ಮಾತನ್ನೂ ಕೇಳಬೇಕು ಎಂಬ ಪಾಠ ಇದರಲ್ಲಿದೆ.

ಪ್ರಚಾರ: ಟಿವಿಯಲ್ಲಿ ಬಂತು, ಮೊಬೈಲ್‌ನಲ್ಲಿ ಬಂತು. ನಾನು ನೋಡಿದೆ. ನನ್ನ ತರಗತಿಯಲ್ಲಿ ಕೈಯೆತ್ತಿಸಿ ಕೇಳಿದಾಗ ನನ್ನ ಹೊರತು ಇನ್ನಿಬ್ಬರು ಮಾತ್ರ ನೋಡಿದ್ದರು.

ಸ್ಥಳ: ಇಲ್ಲಿಯೇ ಕೊರತೆ. ಎಲ್ಲ 34 ಪಂದ್ಯಗಳೂ ಮುಂಬೈನ ಅಂಧೇರಿಯ ಮೈದಾನದಲ್ಲಿ ನಡೆದವು. ಮೊದಲ ವರ್ಷ ಖರ್ಚು ಉಳಿಸಲು ಇದು ಸರಿಯೇ ಇರಬಹುದು. ಆದರೆ ಬೆಂಗಳೂರಿನ ತಂಡವನ್ನು ಬೆಂಗಳೂರಿನ ಒಂದು ಮಗುವೂ ತನ್ನ ಊರಿನಲ್ಲಿ ಕಣ್ಣಾರೆ ನೋಡಲಿಲ್ಲ.

ಒಂಬತ್ತು ದಿನಗಳ ಆಟಗಾರ್ತಿ

ಮೊದಲು ಹೇಳಿದ ಇನ್ನೊಂದು ಕಾರಣ ಇದು. ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ಮೇಲೆ, ರಜೆಯಲ್ಲಿ, ಊರಿನ ಆ ಕಡೆಯ ಒಂದು ಮೈದಾನದಲ್ಲಿ ಹುಡುಗಿಯರಿಗೆ ರಗ್ಬಿ ಕಲಿಸುತ್ತಾರೆಂದು ಗೊತ್ತಾಗಿ ನಾನು ಹೋದೆ. ಶುಲ್ಕ ಇರಲಿಲ್ಲ. ಶಕ್ತಿ ಯೋಜನೆಯಿಂದ ಬಸ್ಸಿಗೂ ದುಡ್ಡಿಲ್ಲ. ತಲೆವಸ್ತ್ರ ಬಿಚ್ಚಬೇಕೇನೋ ಎಂದು ಅಮ್ಮಿಗೆ ಚಿಂತೆ ಇತ್ತು. ನಿಯಮ ಓದಿ ತೋರಿಸಿದೆ: ಧರಿಸಿದವರಿಗೂ ಉಳಿದವರಿಗೂ ಅಪಾಯವಾಗದಂತಿದ್ದರೆ ತಲೆವಸ್ತ್ರ ಧರಿಸಬಹುದು ಎಂದು ವಿಶ್ವ ರಗ್ಬಿಯ ನಿಯಮದಲ್ಲೇ ಇದೆ. ಲಂಡನ್‌ನಲ್ಲಿ ನರ್ಸ್ ಆಗಿದ್ದು, ಹಿಜಾಬ್ ಧರಿಸಿಯೇ ರಗ್ಬಿ ಆಡುವ ಜೈನಬ್ ಅಲೀಮಾ ಅವರ ಫೋಟೊ ತೋರಿಸಿದೆ. ಅಮ್ಮಿ ಒಪ್ಪಿದರು.

ವಾರಕ್ಕೆ ಮೂರು ದಿನದಂತೆ ಒಂಬತ್ತು ದಿನ ಹೋದೆ. ನಾಲ್ಕನೇ ದಿನ ಮೊದಲ ಸಲ ಚೆಂಡು ಹಿಡಿದು ಗೆರೆ ದಾಟಿದೆ. ಶಾಲೆಯಲ್ಲಿ ಓಟದ ಸ್ಪರ್ಧೆ ಬಿಟ್ಟರೆ ನನ್ನ ಓಟ ಯಾರಿಗೂ ಬೇಕಾಗಿರಲಿಲ್ಲ. ಅಲ್ಲಿ ಆರು ಜನ ನಾನು ಓಡಲಿ ಎಂದು ಕೂಗುತ್ತಿದ್ದರು.

ಆದರೆ ಹೋಗಲು ಎರಡು ಬಸ್, ಬರಲು ಎರಡು ಬಸ್. ಆಟ ಮುಗಿಯುವಾಗ ಮಗ್ರಿಬ್ ಹೊತ್ತು. ಸಿಲ್ಕ್ ಬೋರ್ಡ್ ಬೇಡವೆಂದು ಮೆಜೆಸ್ಟಿಕ್ ಮೇಲೆ ಬಂದರೂ ಮನೆ ಸೇರುವಾಗ ಎಂಟೂವರೆ. ಅಮ್ಮಿ ಬಾಗಿಲಲ್ಲೇ ನಿಂತಿರುತ್ತಿದ್ದರು. ಅಬ್ಬಾ ಬೇಡ ಎನ್ನಲಿಲ್ಲ. "ಮೈದಾನ ಇಲ್ಲೇ ಜಯನಗರದಲ್ಲಿ ಇದ್ದಿದ್ದರೆ ನಾನೇ ಗಾಡಿಯಲ್ಲಿ ಬಿಟ್ಟು ಬರುತ್ತಿದ್ದೆ ಬೇಟಾ" ಎಂದರು. ಹತ್ತನೇ ದಿನ ನಾನು ಹೋಗಲಿಲ್ಲ. ಯಾರ ಮೇಲೂ ದೂರಿಲ್ಲ. ಕಲಿಸುವವರು ಒಳ್ಳೆಯವರು, ಮನೆಯವರೂ ಒಳ್ಳೆಯವರು. ಬೆಲೆ ಸೊನ್ನೆ ಇದ್ದರೂ ಗಿರಾಕಿ ಕೈತಪ್ಪಿದ್ದು ಸ್ಥಳದಿಂದ ಎಂದು ಈ ಅಧ್ಯಾಯ ಓದುವಾಗ ಗೊತ್ತಾಯಿತು. ಆ ಗಿರಾಕಿ ನಾನೇ.

ಒಡಿಶಾ, ಬಿಹಾರಗಳಲ್ಲಿ ಈ ಆಟ ಚಿಕ್ಕ ಊರುಗಳ ಹುಡುಗಿಯರಿಗೆ ಹತ್ತಿರವಾಗಿದೆ. 2019ರಲ್ಲಿ ಮನಿಲಾದಲ್ಲಿ ಭಾರತದ ಮಹಿಳಾ ತಂಡ ಸಿಂಗಪುರವನ್ನು 21–19ರಿಂದ ಸೋಲಿಸಿ 15 ಜನರ ಆಟದಲ್ಲಿ ಮೊದಲ ಅಂತರರಾಷ್ಟ್ರೀಯ ಗೆಲುವು ಪಡೆಯಿತು. ಬಿಹಾರದ ಬಾಢ್‌ನ ಸ್ವೀಟಿ ಕುಮಾರಿ ಆ ಕಾಲದಲ್ಲಿ ತಮ್ಮ ಓಟಕ್ಕಾಗಿ ಏಷ್ಯಾದಲ್ಲೇ ಹೆಸರಾದರು. ಅಲ್ಲಿ ಸಾಧ್ಯವಾದದ್ದು ಬಿಟಿಎಂ ಲೇಔಟ್‌ನಲ್ಲಿ, ಬನಶಂಕರಿಯಲ್ಲಿ ಏಕೆ ಆಗುವುದಿಲ್ಲ?

ನಮ್ಮ ಕಾಲೇಜಿಗೆ ಒಂದು ಮನವಿ

ಭಾನುವಾರ ಬೆಳಿಗ್ಗೆ ಜಯನಗರ 5ನೇ ಬ್ಲಾಕಿನ ಶಾಲಿನಿ ಮೈದಾನ ನೋಡಿ. ಒಂದು ಕ್ರಿಕೆಟ್ ಪಂದ್ಯದ ಮಿಡ್ ಆನ್ ಇನ್ನೊಂದು ಪಂದ್ಯದ ಕೀಪರ್ ಪಕ್ಕದಲ್ಲಿ ನಿಂತಿರುತ್ತಾನೆ. ಅಲ್ಲಿ ಹೊಸ ಆಟಕ್ಕೆ, ಅದರಲ್ಲೂ ಹುಡುಗಿಯರ ಆಟಕ್ಕೆ, ಜಾಗ ಸಿಗುವುದಿಲ್ಲ. ಆದರೆ ಶನಿವಾರ ಅರ್ಧ ದಿನ ತರಗತಿ ಮುಗಿದ ಮೇಲೆ ನಮ್ಮ ಕಾಲೇಜಿನ ಅಂಗಳ ಖಾಲಿ ಇರುತ್ತದೆ. ಟ್ಯಾಗ್ ರಗ್ಬಿಗೆ ಅಷ್ಟು ಸಾಕು. ಯಾರೂ ಬೀಳುವುದಿಲ್ಲ, ಹಲ್ಲು ಮುರಿಯುವುದಿಲ್ಲ.

ಖರ್ಚಿನ ಪಟ್ಟಿ ಹೀಗಿದೆ. ಚೆಂಡು ಒಂದು, ಕೊಳ್ಳಬೇಕು. ಸೊಂಟದ ಪಟ್ಟಿ ಮತ್ತು ರಿಬ್ಬನ್ 14 ಜೊತೆ, ಕೊಳ್ಳಬೇಕಿಲ್ಲ. ಅಬ್ಬಾ ಅಂಗಡಿಯಲ್ಲಿ ಉಳಿದ ರೆಕ್ಸಿನ್ ತುಂಡುಗಳಿಗೆ ವೆಲ್ಕ್ರೋ ಹೊಲಿದು 6 ಜೊತೆ ಈಗಾಗಲೇ ಕೊಟ್ಟಿದ್ದಾರೆ, ಉಳಿದ 8 ರಂಜಾನ್ ಗಿರಾಕಿ ಕಡಿಮೆಯಾದ ಮೇಲೆ. ಗೆರೆ ಎಳೆಯಲು ಸುಣ್ಣದ ಪುಡಿ. ಸಮಯ ಒಂದು ಗಂಟೆ, ಜುಹರ್ ಆದ ಮೇಲೆ. ನಿಯಮ ಕಲಿಸಲು ಸದ್ಯಕ್ಕೆ ನಾನಿದ್ದೇನೆ, ಒಂಬತ್ತು ದಿನದ ಅನುಭವ ಅಷ್ಟೇ. ನನಗಿಂತ ಹೆಚ್ಚು ಬಲ್ಲವರು ಸಿಕ್ಕರೆ ಸಂತೋಷದಿಂದ ಬಿಟ್ಟುಕೊಡುತ್ತೇನೆ. ಪ್ರಾಂಶುಪಾಲರಿಗೂ ದೈಹಿಕ ಶಿಕ್ಷಣದ ಸರ್ ಅವರಿಗೂ ಈ ಪಟ್ಟಿಯನ್ನು ಅರ್ಜಿಯ ಜೊತೆ ಕೊಟ್ಟಿದ್ದೇನೆ.

ಒಂದು ಕೋರಿಕೆ ಮಾತ್ರ. ಮೊದಲ ಶನಿವಾರ ಎಷ್ಟು ಜನ ಬಂದರು ಎಂದು ಎಣಿಸಿ ತೀರ್ಮಾನ ಮಾಡಬೇಡಿ. ಮೊದಲ ದಿನ ನೋಡಲು ಎಲ್ಲರೂ ಬರುತ್ತಾರೆ, ಸ್ಯಾನ್ ಫ್ರಾನ್ಸಿಸ್ಕೊಗೆ ಬಂದ ಹಾಗೆ. ಐದನೇ ಶನಿವಾರದ ಹಾಜರಿ ಪುಸ್ತಕ ನೋಡಿ. ಅಂದು 14 ಜನ ಇದ್ದರೆ ಎರಡು ತಂಡ ಆಯಿತು. ಏಳೇ ಜನ ಇದ್ದರೂ ಒಂದು ತಂಡ ಆಯಿತು.

ಯೋಚಿಸಲು ಪ್ರಶ್ನೆಗಳು

1. ಕಲ್ಕತ್ತಾ ಕ್ಲಬ್ ಮುಚ್ಚಿದ್ದಕ್ಕೂ ಅಮೆರಿಕದಲ್ಲಿ 1924ರ ನಂತರ ರಗ್ಬಿ ಕುಗ್ಗಿದ್ದಕ್ಕೂ ಇರುವ ಸಾಮ್ಯವೇನು?
2. ನೀವು ಬೆಂಗಳೂರು ಬ್ರೇವ್‌ಹಾರ್ಟ್ಸ್‌ನ ವ್ಯವಸ್ಥಾಪಕರಾಗಿದ್ದರೆ ಮೊದಲ ಹಣವನ್ನು ಜಾಹೀರಾತಿಗೆ ಕೊಡುತ್ತೀರೋ, ಶಾಲೆಗಳಿಗೆ ಚೆಂಡು ಹಂಚಲು ಕೊಡುತ್ತೀರೋ? ಕಾರಣ ಬರೆಯಿರಿ.
3. ನಿಮಗೆ ಇಷ್ಟವಾಗಿದ್ದರೂ ನೀವು ಬಿಟ್ಟುಬಿಟ್ಟ ಒಂದು ಆಟ ಅಥವಾ ತರಗತಿಯನ್ನು ನೆನೆಸಿಕೊಳ್ಳಿ. ನಾಲ್ಕು ಅಂಶಗಳಲ್ಲಿ ಯಾವುದು ಅಡ್ಡ ಬಂತು?

ಮೂರನೆಯ ಪ್ರಶ್ನೆಯ ಉತ್ತರವನ್ನು ನನಗೂ ತೋರಿಸಿ. ಶನಿವಾರ ಅಂಗಳದಲ್ಲಿ ಸಿಗುತ್ತೇನೆ, ಇನ್‌ಶಾ ಅಲ್ಲಾಹ್.